ಸೆನ್ಸರ್ ಕೈಕೊಟ್ರೂ ಮೆಷಿನ್ ಕೈಕೊಡಬಾರ್ದು: ಎಂಬೆಡೆಡ್ ಸಿಸ್ಟಮ್ ಒಳಗೆ ಮಾಡೆಲ್ ಇಟ್ಟು ಫಾಲ್ಟ್ ಸಂಭಾಳಿಸೋದು ಹೇಗೆ

ಯಾವುದಾದ್ರೂ ಹಳೇ ಎಂಬೆಡೆಡ್ (ಮೆಷಿನ್ ಒಳಗೇ ಕೂತು ಅದನ್ನ ನಡೆಸೋ ಚಿಕ್ಕ ಕಂಪ್ಯೂಟರ್) ಪ್ರಾಜೆಕ್ಟ್ ಕೋಡ್ ತೆಗೆದು ನೋಡಿ, ಫಾಲ್ಟ್ ಹ್ಯಾಂಡ್ಲಿಂಗ್, ಅಂದ್ರೆ ಏನಾದ್ರೂ ಕೆಟ್ರೆ ಏನು ಮಾಡ್ಬೇಕು ಅನ್ನೋ ಕೋಡ್, ಒಂದೇ ಕಡೆ ಇರೋದೇ ಇಲ್ಲ. ಎಡಿಸಿ (ಸೆನ್ಸರ್ ವೋಲ್ಟೇಜನ್ನ ನಂಬರ್ ಮಾಡೋ ಭಾಗ) ಓದೋ ಫೈಲಲ್ಲಿ ಒಂದು ಇಫ್, ಮೋಟರನ್ನ ಕಂಟ್ರೋಲ್ ಮಾಡೋ ಪಿಐಡಿ ಫಂಕ್ಷನ್ ಹೊಟ್ಟೆಯೊಳಗೆ ಇನ್ನೊಂದು, ಕಮ್ಯುನಿಕೇಶನ್ ಟಾಸ್ಕಲ್ಲಿ ಮತ್ತೊಂದು, ಜೊತೆಗೆ ಯಾರೋ ಡೆಡ್‌ಲೈನ್ ಹಿಂದಿನ ರಾತ್ರಿ ಸೇರಿಸಿದ "ಟೆಂಪರರಿ" ಫ್ಲ್ಯಾಗ್, ಅದನ್ನ ಯಾರು ಸೆಟ್ ಮಾಡ್ತಾರೆ ಯಾರು ಕ್ಲಿಯರ್ ಮಾಡ್ತಾರೆ ಅಂತ ಈಗ ಯಾರಿಗೂ ಗೊತ್ತಿಲ್ಲ. ಒಂದೊಂದೇ ಫಾಲ್ಟ್ ಬಂದ್ರೆ ಹೆಂಗೋ ನಡೆಯತ್ತೆ, ಎರಡು ಒಟ್ಟಿಗೆ ಬಂದಾಗ ಆ ಇಫ್‌ಗಳು ಪರಸ್ಪರ ಜಗಳಕ್ಕೆ ಬೀಳತ್ವೆ.

ಇದಕ್ಕೆ ಬೇರೆ ದಾರಿ ಅಂದ್ರೆ, ನಿಮ್ಮ ಮೆಷಿನ್ ಹೇಗೆ ನಡ್ಕೊಳ್ಬೇಕು ಅನ್ನೋ ಗಣಿತದ ಮಾಡೆಲನ್ನ ಡಿಸೈನ್ ಫೋಲ್ಡರಲ್ಲಿ ಬಿಡದೆ ಡಿವೈಸ್ ಒಳಗೇ ಓಡಿಸೋದು, ನಿಜವಾದ ಅಳತೆ ಮತ್ತು ಮಾಡೆಲ್ ಹೇಳೋದು ಎರಡನ್ನೂ ಪ್ರತಿ ಸ್ಯಾಂಪಲ್ಲಲ್ಲೂ ಹೋಲಿಸೋದು, ವ್ಯತ್ಯಾಸ ಬಂದಾಗ ಏನು ಮಾಡ್ಬೇಕು ಅನ್ನೋ ತೀರ್ಮಾನ ಒಂದೇ ಒಂದು ಸೂಪರ್‌ವೈಸರ್ ಕೋಡ್ ಕೈಗೆ ಕೊಡೋದು. ಕೇಳೋಕೆ ದೊಡ್ಡದು, ಮಾಡೋಕೆ ಅಷ್ಟೇನೂ ಇಲ್ಲ, ಚಿಕ್ಕ ಮೈಕ್ರೋಕಂಟ್ರೋಲರಲ್ಲೂ ಆಗತ್ತೆ. ಗಾಳಿಯಲ್ಲಿ ಮಾತಾಡೋ ಬದಲು ಒಂದು ಡಿಸಿ ಮೋಟರ್ ಇಟ್ಕೊಂಡು ಕೊನೇವರೆಗೂ ಅದರ ಮೇಲೇ ಹೋಗೋಣ.

ನಮ್ಮ ಮೋಟರ್ ಹೀಗಿದೆ ಅನ್ಕೊಳ್ಳಿ: ಸಪ್ಲೈ 24 ವೋಲ್ಟ್, ವೈಂಡಿಂಗ್ ರೆಸಿಸ್ಟೆನ್ಸ್ 0.5 ಓಮ್, ಬ್ಯಾಕ್ ಇಎಂಎಫ್ (ತಿರುಗೋ ಮೋಟರ್ ತಾನೇ ಹುಟ್ಟಿಸೋ ಎದುರು ವೋಲ್ಟೇಜ್) ಕಾನ್ಸ್ಟಂಟ್ ಒಂದು ರೇಡಿಯನ್ ಪರ್ ಸೆಕೆಂಡಿಗೆ 0.05 ವೋಲ್ಟ್, ಅಂದ್ರೆ ಟಾರ್ಕ್ (ತಿರುಗಿಸೋ ಬಲ) ಕಾನ್ಸ್ಟಂಟ್ ಕೂಡ ಒಂದು ಆಂಪಿಯರ್‌ಗೆ 0.05 ನ್ಯೂಟನ್ ಮೀಟರ್. ಲೋಡ್ ಸೇರಿ ಇನರ್ಷಿಯಾ (ಸ್ಪೀಡ್ ಬದಲಾಗೋದನ್ನ ತಡೆಯೋ ಜಡತ್ವ) 0.0005 ಕೆಜಿ ಮೀಟರ್ ಸ್ಕ್ವೇರ್. ಡ್ರೈವರಲ್ಲಿ 10 ಆಂಪಿಯರ್ ಕರೆಂಟ್ ಲಿಮಿಟ್ ಇದೆ, ಅದು ಬಿದ್ದಾಗ ಡ್ರೈವರ್ ತಾನೇ ವೋಲ್ಟೇಜ್ ಕಡಿಮೆ ಮಾಡತ್ತೆ. ಸೆನ್ಸರ್ ಎರಡು, ಸ್ಪೀಡಿಗೆ ಎನ್‌ಕೋಡರ್ (ಶಾಫ್ಟ್ ತಿರುಗೋದನ್ನ ಎಣಿಸೋದು), ಕರೆಂಟಿಗೆ ಶಂಟ್ (ಕರೆಂಟ್ ಅಳೆಯೋ ಚಿಕ್ಕ ರೆಸಿಸ್ಟರ್). ಕಂಟ್ರೋಲ್ ಲೂಪ್ 10 ಮಿಲಿಸೆಕೆಂಡಿಗೊಮ್ಮೆ ಓಡತ್ತೆ, ಆ ಒಂದೊಂದು ಸಲದ ಅಳತೆಯೇ ಒಂದು ಸ್ಯಾಂಪಲ್. ಮಾಮೂಲಿ ಓಟದಲ್ಲಿ ಮೋಟರಿಗೆ 12 ವೋಲ್ಟ್ ಹೋಗ್ತಿದೆ, 2 ಆಂಪಿಯರ್ ಎಳೀತಿದೆ.

ಮೊದಲ ಹೆಜ್ಜೆ: ಎಷ್ಟು ಟೈಮ್ ಇದೆ ಅಂತ ಲೆಕ್ಕ ಹಾಕಿ

ಎಲ್ಲರೂ ಫಾಲ್ಟ್ ಪಟ್ಟಿಯಿಂದ ಶುರು ಮಾಡ್ತಾರೆ, ಮಾಡಿ, ಬೇಡ ಅನ್ನಲ್ಲ. ಆದ್ರೆ ಪ್ರತಿ ಫಾಲ್ಟ್ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ, ಫಾಲ್ಟ್ ಆದ ಕ್ಷಣದಿಂದ ಅಪಾಯ ಆಗೋವರೆಗೆ ಎಷ್ಟು ಮಿಲಿಸೆಕೆಂಡ್ ಅಂತ. ಕಾರುಗಳ ಐಎಸ್‌ಒ 26262 ಸ್ಟ್ಯಾಂಡರ್ಡಲ್ಲಿ ಇದನ್ನ ಫಾಲ್ಟ್ ಟಾಲರೆಂಟ್ ಟೈಮ್ ಇಂಟರ್ವಲ್ ಅಂತಾರೆ, ನೀವು ಕಾರು ಮಾಡ್ದೇ ಇದ್ರೂ ಈ ಕಾಲಂ ಬೇಕೇ ಬೇಕು, ಯಾಕಂದ್ರೆ ಮುಂದಿನ ಎಲ್ಲಾ ತೀರ್ಮಾನ ಇದರ ಮೇಲೇ ನಿಂತಿದೆ.

ನಮ್ಮ ಮೋಟರಲ್ಲಿ ಅತಿ ಕೆಟ್ಟ ಫಾಲ್ಟ್ ಎನ್‌ಕೋಡರ್ ವೈರ್ ಕಿತ್ಕೊಳ್ಳೋದು. ಸ್ಪೀಡ್ ಸೊನ್ನೆ ಅಂತ ತೋರಿಸತ್ತೆ, ಸ್ಪೀಡನ್ನ ಕೇಳಿದಷ್ಟಕ್ಕೆ ಹಿಡಿದಿಡೋ ಪಿಐ ಕಂಟ್ರೋಲರ್ "ಅಯ್ಯೋ ಮೋಟರ್ ನಿಂತೋಯ್ತು" ಅಂತ ಫುಲ್ ಡ್ಯೂಟಿ (ಸಪ್ಲೈ ವೋಲ್ಟೇಜಲ್ಲಿ ಮೋಟರಿಗೆ ಹೋಗೋ ಪಾಲು) ಕೊಡತ್ತೆ, ನಿಜವಾಗ್ಲೂ ಮೋಟರ್ ಓಡ್ತಾನೇ ಇರೋದ್ರಿಂದ ಅದು ಹುಚ್ಚು ಹಿಡಿದಂಗೆ ಸ್ಪೀಡ್ ಏರಿಸ್ಕೊಳ್ಳತ್ತೆ. ಎಷ್ಟು ಬೇಗ? ಕರೆಂಟ್ ಲಿಮಿಟ್ 10 ಆಂಪಿಯರ್ ಅಂದ್ರೆ ಟಾರ್ಕ್ 0.5, ಲೋಡಿಗೆ 0.1 ಹೋಯ್ತು, ಉಳಿದ 0.4 ನ್ಯೂಟನ್ ಮೀಟರನ್ನ ಇನರ್ಷಿಯಾದಿಂದ ಭಾಗಿಸಿದ್ರೆ ಸೆಕೆಂಡಿಗೆ 800 ರೇಡಿಯನ್ ಪರ್ ಸೆಕೆಂಡ್. ಈಗ 220ರಲ್ಲಿ ಓಡ್ತಿದೆ, ಮೆಕ್ಯಾನಿಕಲ್ ಲಿಮಿಟ್ 300 ಅನ್ಕೊಂಡ್ರೆ ಮಧ್ಯ 80 ಇದೆ. 80 ಭಾಗಿಸು 800, ಅಂದ್ರೆ 0.1 ಸೆಕೆಂಡ್. ನೂರು ಮಿಲಿಸೆಕೆಂಡ್, ಹತ್ತು ಸ್ಯಾಂಪಲ್, ಅಷ್ಟೇ ನಿಮ್ಮ ಆಸ್ತಿ.

ಇದನ್ನ ಹಂಚಿ. ಮೂರು ಸ್ಯಾಂಪಲ್ ಸತತವಾಗಿ ತಪ್ಪು ಬಂದ್ರೆ ಫಾಲ್ಟ್ ಅಂತ ಇಟ್ಕೊಂಡ್ರೆ ಪತ್ತೆಗೆ ಹೆಚ್ಚೆಂದ್ರೆ 40, ತೀರ್ಮಾನಕ್ಕೆ 10, ಡ್ರೈವರ್ ಸ್ಪಂದಿಸೋಕೆ 5, ಒಟ್ಟು 55, ಉಳಿದಿದ್ದು 45 ಮಾರ್ಜಿನ್. "ಇನ್ನೂ ಗ್ಯಾರಂಟಿ ಮಾಡ್ಕೊಳ್ಳೋಣ, ಎಂಟು ಸ್ಯಾಂಪಲ್ ನೋಡೋಣ" ಅಂತ ಯಾರಾದ್ರೂ ಅಂದ್ರೆ ಈ ಲೆಕ್ಕ ತೋರಿಸಿ, ಮಾತು ಅಲ್ಲಿಗೇ ಮುಗಿಯತ್ತೆ.

ಎರಡನೇ ಹೆಜ್ಜೆ: ಮಾಡೆಲ್ ಚಿಕ್ಕದಾಗಿರ್ಲಿ

ಇಲ್ಲಿ ಜನ ಸುಮ್ನೆ ಒದ್ದಾಡ್ತಾರೆ. ಸಿಮ್ಯುಲಿಂಕ್ ಅನ್ನೋ ಸಿಮ್ಯುಲೇಷನ್ ಸಾಫ್ಟ್‌ವೇರಲ್ಲಿ ಕೂತು ಬೇರಿಂಗ್ ಫ್ರಿಕ್ಷನ್, ಬ್ರಷ್ ಡ್ರಾಪ್, ಕಾಗಿಂಗ್ ಅಂತ ಸಣ್ಣಪುಟ್ಟದ್ದೆಲ್ಲಾ ಹಾಕಿ ದೊಡ್ಡ ಮಾಡೆಲ್ ಮಾಡ್ತಾರೆ. ಅದು ಟೆಸ್ಟಿಂಗಿಗೆ ಒಳ್ಳೇದು, ಡಿವೈಸ್ ಒಳಗೆ ಓಡಿಸೋಕಲ್ಲ. ಒಳಗಿನ ಮಾಡೆಲ್‌ಗೆ ಒಂದೇ ಕೆಲಸ, ಫಾಲ್ಟ್ ಇದ್ದಾಗ ಮತ್ತು ಇಲ್ಲದಾಗ ಬೇರೆ ಬೇರೆ ಉತ್ತರ ಕೊಡ್ಬೇಕು.

ನಮಗೆ ಎರಡು ಸಮೀಕರಣ ಸಾಕು. ಮೊದಲನೇದು ಎಲೆಕ್ಟ್ರಿಕಲ್: ಸ್ಪೀಡ್ ಅಂದ್ರೆ ವೋಲ್ಟೇಜಲ್ಲಿ ಕರೆಂಟ್ ಗುಣಿಸು ರೆಸಿಸ್ಟೆನ್ಸ್ ಕಳೆದು, ಬ್ಯಾಕ್ ಇಎಂಎಫ್ ಕಾನ್ಸ್ಟಂಟಿನಿಂದ ಭಾಗಿಸಿದ್ದು. 12ರಲ್ಲಿ 1 ಕಳೆದ್ರೆ 11, ಅದನ್ನ 0.05ರಿಂದ ಭಾಗಿಸಿದ್ರೆ 220 ರೇಡಿಯನ್ ಪರ್ ಸೆಕೆಂಡ್, ಸುಮಾರು 2,100 ಆರ್‌ಪಿಎಂ. ಎನ್‌ಕೋಡರ್ ಇಲ್ದೇನೇ ಸ್ಪೀಡ್ ಸಿಕ್ತು ನೋಡಿ, ಇನ್ನೊಂದು ಸೆನ್ಸರ್ ಕೊಂಡು ಹಾಕದೆ ಲೆಕ್ಕದಿಂದ್ಲೇ ಎರಡನೇ ಸಾಕ್ಷಿ ಸಿಗೋದು ಅಂದ್ರೆ ಇದೇ. ಎರಡನೇದು ಮೆಕ್ಯಾನಿಕಲ್: ಮೋಟರ್ ಟಾರ್ಕಲ್ಲಿ ಲೋಡ್ ಟಾರ್ಕ್ ಕಳೆದು ಇನರ್ಷಿಯಾದಿಂದ ಭಾಗಿಸಿದ್ರೆ ಸ್ಪೀಡ್ ಎಷ್ಟು ಬೇಗ ಬದಲಾಗಬಹುದು ಅಂತ ಸಿಗತ್ತೆ. ವೈಂಡಿಂಗ್ ಇಂಡಕ್ಟೆನ್ಸ್ 0.5 ಮಿಲಿಹೆನ್ರಿ ಅಂದ್ರೂ ಅದರ ಟೈಮ್ ಕಾನ್ಸ್ಟಂಟ್ 1 ಮಿಲಿಸೆಕೆಂಡ್, ನಮ್ಮ ಲೂಪ್ 10, ಹಾಗಾಗಿ ಅದನ್ನ ಬಿಟ್ಟಾಕಿ. ಒಂದು ಎಚ್ಚರಿಕೆ, ಇಲ್ಲಿ ವೋಲ್ಟೇಜ್ ಅಂದ್ರೆ ಕಂಟ್ರೋಲರ್ ಕೇಳಿದ್ದಲ್ಲ, ಡ್ರೈವರ್ ನಿಜವಾಗಿ ಹಾಕಿದ ಡ್ಯೂಟಿಯನ್ನ ಆ ಕ್ಷಣದ ಸಪ್ಲೈ ವೋಲ್ಟೇಜಿಂದ ಗುಣಿಸಿದ್ದು. ಬ್ಯಾಟರಿ ಇಳಿದ್ರೆ ಅಥವಾ ಕರೆಂಟ್ ಲಿಮಿಟ್ ಬಿದ್ರೆ ಎರಡೂ ಬೇರೆ ಬೇರೆ ಆಗತ್ವೆ, ಆಗ ಇಲ್ಲದ ಫಾಲ್ಟ್ ಕಾಣ್ಸತ್ತೆ.

ಸಿಸ್ಟಮ್ ಇದಕ್ಕಿಂತ ದೊಡ್ಡದಾಗಿದ್ರೆ, ನಾಯ್ಸ್ ಜಾಸ್ತಿ ಇದ್ರೆ, ಕಾಲ್ಮನ್ ಫಿಲ್ಟರ್ ಹಾಕಿ, ಮಾಡೆಲ್ ಹೇಳೋದನ್ನೂ ನಾಯ್ಸ್ ಇರೋ ಅಳತೆಯನ್ನೂ ತೂಗಿ ಒಂದು ಅಂದಾಜು ಕೊಡೋ ವಿಧಾನ ಅದು. 1960ರಲ್ಲಿ ಬಂದಿದ್ದು, ಅಪೋಲೋ ನ್ಯಾವಿಗೇಷನ್‌ನಲ್ಲೂ ಇತ್ತು, ಇವತ್ತಿಗೂ ಅದೇ ಕೈ ಹಿಡಿಯತ್ತೆ. ಆದ್ರೆ ಮೊದಲು ಮೇಲಿನ ಸರಳ ಲೆಕ್ಕ ಸಾಲುತ್ತಾ ನೋಡಿ.

ಮೂರನೇ ಹೆಜ್ಜೆ: ವ್ಯತ್ಯಾಸಕ್ಕೆ ಗೆರೆ ಎಳೆಯೋದು

ಅಳತೆಯಲ್ಲಿ ಮಾಡೆಲ್ ಹೇಳಿದ್ದನ್ನ ಕಳೆದ್ರೆ ಉಳಿಯೋದಕ್ಕೆ ರೆಸಿಡ್ಯುಯಲ್ ಅಂತಾರೆ. ಎಲ್ಲಾ ಸರಿ ಇದ್ದಾಗ ಅದು ಸೊನ್ನೆ ಸುತ್ತಮುತ್ತ ಅಲ್ಲಾಡ್ತಿರತ್ತೆ. ಎಷ್ಟು ದೂರ ಹೋದ್ರೆ ಫಾಲ್ಟ್ ಅನ್ನೋದೇ ಪ್ರಶ್ನೆ, ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅರ್ಧ ಟೈಮ್ ಇಲ್ಲೇ ಹೋಗ್ಬೇಕು.

"ಮೂರು ಸಿಗ್ಮಾ ಹಾಕ್ಬಿಡಿ" ಅಂತ ಸಲೀಸಾಗಿ ಹೇಳ್ತಾರೆ. ಲೆಕ್ಕ ಹಾಕಿ ನೋಡಿ. ಸಿಗ್ಮಾ ಅಂದ್ರೆ ನಾಯ್ಸ್ ಸಾಮಾನ್ಯವಾಗಿ ಎಷ್ಟು ಅಲ್ಲಾಡತ್ತೆ ಅನ್ನೋ ಅಳತೆ (ಸ್ಟ್ಯಾಂಡರ್ಡ್ ಡೀವಿಯೇಷನ್). ಗೌಸಿಯನ್ ನಾಯ್ಸ್ ಆದ್ರೆ ಮೂರು ಸಿಗ್ಮಾ ಆಚೆ ಹೋಗೋ ಸಾಧ್ಯತೆ 0.27 ಪರ್ಸೆಂಟ್, ಅಂದ್ರೆ ಸುಮಾರು 370 ಸ್ಯಾಂಪಲ್ಲಿಗೆ ಒಂದ್ಸಲ. ಸೆಕೆಂಡಿಗೆ 100 ಸ್ಯಾಂಪಲ್ ತಗೊಳ್ತಿದೀವಿ, ಹಾಗಾದ್ರೆ 3.7 ಸೆಕೆಂಡಿಗೊಮ್ಮೆ ಸುಳ್ಳು ಅಲಾರಂ! ಅದಕ್ಕೇ ಸತತ ಮೂರು ಸ್ಯಾಂಪಲ್ ಅನ್ನೋ ಷರತ್ತು. ಆದ್ರೆ ಸ್ಯಾಂಪಲ್‌ಗಳು ಒಂದಕ್ಕೊಂದು ಸಂಬಂಧ ಇಲ್ದೇ ಇರತ್ವೆ ಅಂತ ನಂಬ್ಕೊಂಡು ಸಾಧ್ಯತೆಗಳನ್ನ ಗುಣಿಸ್ತಾ ಹೋಗ್ಬೇಡಿ, ನಿಜದ ನಾಯ್ಸ್ ಹಾಗಿರಲ್ಲ, ವೈಬ್ರೇಷನ್ ಬಂದ್ರೆ ಹತ್ತು ಸ್ಯಾಂಪಲ್ ಒಟ್ಟಿಗೆ ಕೆಡತ್ವೆ. ಆರೋಗ್ಯವಾಗಿರೋ ಮೆಷಿನ್ನಿನ ಗಂಟೆಗಟ್ಟಲೆ ಡೇಟಾ ರೆಕಾರ್ಡ್ ಮಾಡಿ, ತಣ್ಣಗಿರುವಾಗ, ಬಿಸಿಯಾದಾಗ, ಲೋಡ್ ಇದ್ದಾಗ, ಸ್ಟಾರ್ಟ್ ಆಗೋವಾಗ, ಅದರ ಮೇಲೆ ಗೆರೆ ಎಳೀರಿ.

ಗೆರೆ ಒಂದೇ ಕಡೆ ನಿಲ್ಲೋದೂ ಬೇಡ. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು 0.39 ಪರ್ಸೆಂಟ್ ಏರತ್ತೆ. ವೈಂಡಿಂಗ್ 60 ಡಿಗ್ರಿ ಬಿಸಿ ಆದ್ರೆ 0.5 ಓಮ್ ಇದ್ದಿದ್ದು 0.618 ಆಗತ್ತೆ. 2 ಆಂಪಿಯರಲ್ಲಿ ಇದರಿಂದ ಸ್ಪೀಡ್ ಲೆಕ್ಕದಲ್ಲಿ 4.7 ರೇಡಿಯನ್ ಪರ್ ಸೆಕೆಂಡ್ ತಪ್ಪು, 220ರಲ್ಲಿ ಅದು ಲೆಕ್ಕಕ್ಕಿಲ್ಲ. ಅದೇ 10 ಆಂಪಿಯರಲ್ಲಿ ಹೆಚ್ಚುಕಡಿಮೆ 24 ಆಗತ್ತೆ. ಅಂದ್ರೆ ಗೆರೆ ಕರೆಂಟ್ ಜೊತೆಗೇ ಏರ್ಬೇಕು: ಒಂದು ಮೂಲ ಬೆಲೆ, ಅದಕ್ಕೆ ಕರೆಂಟಿಗೆ ತಕ್ಕ ಹಾಗೆ ಒಂದಿಷ್ಟು ಸೇರಿಸಿ. ಫಿಕ್ಸೆಡ್ ಥ್ರೆಶೋಲ್ಡ್ ಇಟ್ಟವರು ಲೋಡ್ ಬಂದಾಗೆಲ್ಲ ಅಲಾರಂ ಹೊಡ್ಕೊಳ್ಳತ್ತೆ ಅಂತ ಥ್ರೆಶೋಲ್ಡ್ ಏರಿಸ್ತಾ ಹೋಗಿ, ಕೊನೆಗೆ ನಿಜವಾದ ಫಾಲ್ಟೇ ಕಾಣದ ಮಟ್ಟಕ್ಕೆ ತಂದಿಡ್ತಾರೆ.

ಒಂದು ಸಣ್ಣ ಕೋಡಿಂಗ್ ವಿಷಯ, ದಯವಿಟ್ಟು ಇದನ್ನ ಸ್ಕಿಪ್ ಮಾಡ್ಬೇಡಿ. ಫ್ಲೋಟಿಂಗ್ ಪಾಯಿಂಟಲ್ಲಿ ಸೊನ್ನೆಯನ್ನ ಸೊನ್ನೆಯಿಂದ ಭಾಗಿಸಿದ್ರೆ ಬರೋ ನ್ಯಾನ್ ಅನ್ನೋ ಬೆಲೆ ಇದೆಯಲ್ಲ, ಅದನ್ನ ದೊಡ್ಡದಾ ಚಿಕ್ಕದಾ ಅಂತ ಯಾವುದರ ಜೊತೆ ಹೋಲಿಸಿದ್ರೂ ಉತ್ತರ ಸುಳ್ಳು ಅಂತಾನೇ ಬರತ್ತೆ. ನೀವು "ರೆಸಿಡ್ಯುಯಲ್ ಗೆರೆಗಿಂತ ದೊಡ್ಡದಾದ್ರೆ ಫಾಲ್ಟ್" ಅಂತ ಬರೆದಿದ್ರೆ, ರೆಸಿಡ್ಯುಯಲ್ ನ್ಯಾನ್ ಆದ ದಿನ ಸಿಸ್ಟಮ್ "ಎಲ್ಲಾ ಚೆನ್ನಾಗಿದೆ" ಅನ್ನತ್ತೆ. ತಿರುಗಿಸಿ ಬರೀರಿ: ರೆಸಿಡ್ಯುಯಲ್ ಗೆರೆ ಒಳಗಿದ್ರೆ ಮಾತ್ರ ಸರಿ, ಉಳಿದಿದ್ದೆಲ್ಲಾ ಫಾಲ್ಟ್. ಕಂಪೈಲರಲ್ಲಿ ಫಾಸ್ಟ್ ಮ್ಯಾತ್ (ನ್ಯಾನ್ ಬರೋದೇ ಇಲ್ಲ ಅಂತ ನಂಬಿ ಲೆಕ್ಕ ವೇಗ ಮಾಡೋ) ಆಪ್ಷನ್ ಆನ್ ಇದ್ರೆ ಈ ತಿರುಗಿಸಿ ಬರೆದಿದ್ದನ್ನೂ ಅದು ಹಾಳು ಮಾಡಬಹುದು, ಅದನ್ನೂ ನೋಡ್ಕೊಳ್ಳಿ.

ಫಿಲ್ಟರ್ ಮಾಡೋದ್ರಲ್ಲೂ ಬಲೆ ಇದೆ. 2008ರ ಅಕ್ಟೋಬರ್ 7ರಂದು ಕ್ವಾಂಟಸ್ 72 ವಿಮಾನ, ಏರ್‌ಬಸ್ ಎ330, ಆಸ್ಟ್ರೇಲಿಯಾದ ಪಶ್ಚಿಮ ತೀರದ ಹತ್ರ ಇದ್ದಕ್ಕಿದ್ದಂಗೆ ಮೂಗು ಕೆಳಗೆ ಮಾಡಿ ಧುಮುಕ್ತು, ಸುಮಾರು ಜನಕ್ಕೆ ಗಾಯ ಆಯ್ತು. ಮೂರು ಡೇಟಾ ಯೂನಿಟಲ್ಲಿ ಒಂದು ಆಂಗಲ್ ಆಫ್ ಅಟ್ಯಾಕ್‌ಗೆ (ರೆಕ್ಕೆ ಎದುರು ಗಾಳಿಗೆ ಎಷ್ಟು ಕೋನದಲ್ಲಿದೆ ಅನ್ನೋದಕ್ಕೆ) ತಪ್ಪು ಸ್ಪೈಕ್ ಕಳಿಸ್ತಿತ್ತು. ಸ್ಪೈಕ್ ಬಂದ್ರೆ 1.2 ಸೆಕೆಂಡ್ ಹಳೇ ಒಳ್ಳೇ ಬೆಲೆಯನ್ನೇ ಹಿಡ್ಕೊಳ್ಳೋ ಲಾಜಿಕ್ ಫ್ಲೈಟ್ ಕಂಪ್ಯೂಟರಲ್ಲಿ ಇತ್ತು, ಆದ್ರೆ ಮೊದಲ ಸ್ಪೈಕ್ ಆಗಿ ಸರಿಯಾಗಿ ಆ 1.2 ಸೆಕೆಂಡ್ ಮುಗಿಯೋ ಹೊತ್ತಿಗೆ ಇನ್ನೊಂದು ಸ್ಪೈಕ್ ಇದ್ರೆ ಅದು ಒಳಗೆ ನುಗ್ತಿತ್ತು. ನಿಮ್ಮ ಫಿಲ್ಟರಲ್ಲಿ ಹೋಲ್ಡ್ ಟೈಮ್ ಅಂತ ಏನಾದ್ರೂ ಇದ್ರೆ, ಅದು ಮುಗಿಯೋ ಕ್ಷಣದಲ್ಲೇ ಮತ್ತೊಂದು ಫಾಲ್ಟ್ ಬಂದ್ರೆ ಏನಾಗತ್ತೆ ಅಂತ ಟೆಸ್ಟ್ ಹಾಕಿ.

ನಾಲ್ಕನೇ ಹೆಜ್ಜೆ: ಕೆಟ್ಟಿದ್ದು ಯಾವುದು?

ಏನೋ ಕೆಟ್ಟಿದೆ ಅಂತ ಗೊತ್ತಾದ್ರೆ ಸಾಲಲ್ಲ, ಯಾವುದು ಅಂತ ಗೊತ್ತಾಗ್ಬೇಕು, ಇಲ್ಲಾಂದ್ರೆ ಒಳ್ಳೇ ಸೆನ್ಸರ್ ಆಫ್ ಮಾಡಿ ಕೆಟ್ಟಿದ್ದನ್ನ ನಂಬ್ಕೊಂಡು ಕೂತ್ಕೊಳ್ತೀರಿ. ನನಗೆ ಇಡೀ ವಿಷಯದಲ್ಲಿ ಇಷ್ಟವಾಗೋ ಭಾಗ ಇದೇ, ಪತ್ತೇದಾರಿಕೆ ಇದ್ದಂಗೆ.

ಎನ್‌ಕೋಡರ್ 220ರಿಂದ ಒಂದೇ ಸ್ಯಾಂಪಲ್ಲಲ್ಲಿ ಸೊನ್ನೆ ಆಯ್ತು ಅನ್ಕೊಳ್ಳಿ. ಎರಡು ಕಾರಣ ಇರಬಹುದು, ಎನ್‌ಕೋಡರ್ ಸತ್ತಿದೆ ಅಥವಾ ಶಾಫ್ಟ್ ನಿಜವಾಗ್ಲೂ ಜಾಮ್ ಆಗಿದೆ. 10 ಮಿಲಿಸೆಕೆಂಡಲ್ಲಿ 220ರಿಂದ ನಿಲ್ಲೋಕೆ 11 ನ್ಯೂಟನ್ ಮೀಟರ್ ಟಾರ್ಕ್ ಬೇಕು, ಮೋಟರ್ ಕೈಲಿ 0.5 ಮಾತ್ರ ಆಗತ್ತೆ, ಆದ್ರೆ ಹೊರಗಿಂದ ಏನೋ ಸಿಕ್ಕಾಕ್ಕೊಂಡ್ರೆ ಅಷ್ಟು ಬಲ ಬರೋದು ಅಸಾಧ್ಯವೇನಲ್ಲ. ಹಾಗಾದ್ರೆ ಯಾವುದು? ಕರೆಂಟ್ ನೋಡಿ. ನಿಜವಾಗ್ಲೂ ಜಾಮ್ ಆದ್ರೆ ಬ್ಯಾಕ್ ಇಎಂಎಫ್ ಹೋಗಿಬಿಡತ್ತೆ, ಆಗ 12 ವೋಲ್ಟ್ 0.5 ಓಮ್ ಮೇಲೆ ನೇರ ಬಿದ್ದು ಕರೆಂಟ್ 24 ಆಂಪಿಯರ್ ಕಡೆ ಓಡತ್ತೆ, ಅಂದ್ರೆ ಕಣ್ಣುಮಿಟುಕಿಸೋದ್ರಲ್ಲಿ 10 ಆಂಪಿಯರ್ ಲಿಮಿಟಿಗೆ ಹೋಗಿ ತಗುಲತ್ತೆ, ಡ್ರೈವರ್ ವೋಲ್ಟೇಜನ್ನ 5ಕ್ಕೆ ಇಳಿಸತ್ತೆ, ಲೆಕ್ಕದ ಸ್ಪೀಡೂ ಸೊನ್ನೆ ಅಂತಾನೇ ಬರತ್ತೆ. ಎನ್‌ಕೋಡರ್ ಸತ್ತಿದ್ರೆ ಮೊದಲ ಸ್ಯಾಂಪಲ್ಲಲ್ಲಿ ಕರೆಂಟ್ 2 ಆಂಪಿಯರಲ್ಲೇ ಇರತ್ತೆ. ಮುಂದೆ ಪಿಐ ಡ್ಯೂಟಿ ಏರಿಸಿದ ಮೇಲೆ ಅಲ್ಲೂ ಕರೆಂಟ್ ಲಿಮಿಟಿಗೆ ಹೋಗತ್ತೆ, ಆದ್ರೆ ಆಗ ಡ್ರೈವರ್ ಹಾಕ್ತಿರೋ ವೋಲ್ಟೇಜ್ 16 ಆಸುಪಾಸು ಇರತ್ತೆ, ಲೆಕ್ಕದ ಸ್ಪೀಡ್ 220 ಬಿಟ್ಟು ಕೆಳಗಿಳಿಯಲ್ಲ.

ಇನ್ನೆರಡು ನೋಡಿ. ಡ್ರೈವರ್ ಓಪನ್ ಆದ್ರೆ ಕರೆಂಟ್ ಸೊನ್ನೆ, ಲೆಕ್ಕದ ಸ್ಪೀಡ್ 240, ಎನ್‌ಕೋಡರ್ ನಿಧಾನಕ್ಕೆ ಇಳೀತಾ ಹೋಗತ್ತೆ, ನಮ್ಮ ಲೋಡಲ್ಲಿ ಒಂದು ಸ್ಯಾಂಪಲ್ಲಿಗೆ ಸುಮಾರು 2. ಕರೆಂಟ್ ಸೆನ್ಸರ್ ಸೊನ್ನೆಗೆ ಅಂಟ್ಕೊಂಡ್ರೂ ಕರೆಂಟ್ ಸೊನ್ನೆ, ಲೆಕ್ಕ 240, ಆದ್ರೆ ಎನ್‌ಕೋಡರ್ 220ರಲ್ಲೇ ಆರಾಮಾಗಿ ನಿಂತಿರತ್ತೆ. ಮೊದಲ ಸ್ಯಾಂಪಲ್ಲಲ್ಲಿ ಈ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ, ಐದಾರು ಸ್ಯಾಂಪಲ್ ಆದ್ಮೇಲೆ ಗೊತ್ತಾಗತ್ತೆ. ಪರವಾಗಿಲ್ಲ, ಎರಡರಲ್ಲೂ ಸ್ಪೀಡ್ ತಾನಾಗೇ ಹುಚ್ಚು ಹಿಡಿಯಲ್ಲ, ಕಾಯೋಕೆ ಟೈಮ್ ಇದೆ. ಮೊದಲ ಹೆಜ್ಜೆಯ ಕಾಲಂ ಇಲ್ಲಿ ಉಪಯೋಗಕ್ಕೆ ಬಂತು.

ಹೀಗೆ ಪ್ರತಿ ಫಾಲ್ಟಿಗೆ ಯಾವ ಯಾವ ಲಕ್ಷಣ ಏಳತ್ವೆ ಅಂತ ಒಂದು ಟೇಬಲ್ ಮಾಡಿ, ಕೋಡಲ್ಲಿ ಇಫ್ ಸರಮಾಲೆ ಬೇಡ, ಕಾನ್ಸ್ಟಂಟ್ ಅರೇ ಆಗಿ ಇಡಿ. ಎರಡು ಸಾಲು ಒಂದೇ ತರ ಇದ್ರೆ ಆ ಎರಡು ಫಾಲ್ಟ್ ನಿಮ್ಮ ಸಿಸ್ಟಮ್‌ಗೆ ಬೇರೆ ಬೇರೆ ಅಂತ ಗೊತ್ತಾಗೋದು ಸಾಧ್ಯವೇ ಇಲ್ಲ ಅಂತ ಅರ್ಥ, ಆಗ ಇನ್ನೊಂದು ಸೆನ್ಸರ್ ಹಾಕಿ ಅಥವಾ ಎರಡಕ್ಕೂ ಒಂದೇ ಚಿಕಿತ್ಸೆ ಕೊಡಿ. ಯಾವ ಸಾಲಿಗೂ ಹೊಂದದ ಲಕ್ಷಣ ಬಂದ್ರೆ? ಸೇಫ್ ಸ್ಟಾಪ್. ಅಲ್ಲಿ ಜಾಣತನ ಬೇಡ.

ಐದನೇ ಹೆಜ್ಜೆ: ಮೋಡ್‌ಗಳು, ಅವುಗಳ ಮೇಲೊಬ್ಬ ಸೂಪರ್‌ವೈಸರ್

ಐದು ಫಾಲ್ಟ್ ಫ್ಲ್ಯಾಗ್ ಇದ್ರೆ 32 ಕಾಂಬಿನೇಷನ್, ಹಾಗಂತ 32 ಮೋಡ್ ಬೇಡ. ನಮ್ಮ ಮೋಟರಿಗೆ ನಾಲ್ಕು ಸಾಕು: ನಾರ್ಮಲ್, ಶಂಕೆ, ಎನ್‌ಕೋಡರ್ ಇಲ್ಲದ ಓಟ, ಸೇಫ್ ಸ್ಟಾಪ್.

ಶಂಕೆ ಅನ್ನೋ ಮೋಡನ್ನ ಜನ ಮರೀತಾರೆ, ಅದೇ ಅತಿ ಅಗ್ಗದ ಇನ್ಶೂರೆನ್ಸ್. ಮೊದಲ ಸ್ಯಾಂಪಲ್ ಗೆರೆ ದಾಟಿದ ಕೂಡ್ಲೇ ಇನ್ನೂ ಫಾಲ್ಟ್ ಅಂತ ಘೋಷಿಸಲ್ಲ, ಆದ್ರೆ ಪಿಐ ಔಟ್‌ಪುಟ್ ಇದ್ದಲ್ಲೇ ಹಿಡಿದಿಡ್ತೀರಿ, ಇಂಟಿಗ್ರೇಟರ್ (ಹಿಂದಿನ ವ್ಯತ್ಯಾಸಗಳನ್ನ ಕೂಡಿಸ್ತಾ ಹೋಗೋ ಭಾಗ) ಫ್ರೀಜ್ ಮಾಡ್ತೀರಿ, ಅಡಾಪ್ಟೇಷನ್ (ಮಾಡೆಲ್ ತಾನೇ ಕಲಿಯೋದು, ಆರನೇ ಹೆಜ್ಜೆಯಲ್ಲಿದೆ) ಕೂಡ ನಿಲ್ಲಿಸ್ತೀರಿ. ಸುಳ್ಳು ಅಲಾರಂ ಆಗಿದ್ರೆ 20 ಮಿಲಿಸೆಕೆಂಡ್ ಕಂಟ್ರೋಲ್ ಸ್ವಲ್ಪ ಮಂದ ಆಯ್ತು, ಯಾರಿಗೂ ಗೊತ್ತಾಗಲ್ಲ. ನಿಜವಾದ ಫಾಲ್ಟ್ ಆಗಿದ್ರೆ ಆ ಹುಚ್ಚು ಓಟ ಶುರುವೇ ಆಗಲ್ಲ.

ಮೋಡ್ ಬದಲಾಗೋವಾಗ ಔಟ್‌ಪುಟ್ ಜಿಗಿಯಬಾರ್ದು. ಹೊಸ ಕಂಟ್ರೋಲರಿನ ಇಂಟಿಗ್ರೇಟರ್‌ಗೆ ಹಳೇ ಔಟ್‌ಪುಟಲ್ಲಿ ಪ್ರೊಪೋರ್ಷನಲ್ (ಈಗಿನ ವ್ಯತ್ಯಾಸಕ್ಕೆ ತಕ್ಕ) ಭಾಗ ಕಳೆದು ಉಳಿದಿದ್ದನ್ನ ತುಂಬಿ. ಆದ್ರೆ ಒಂದು ಸೂಕ್ಷ್ಮ ಇದೆ, ಫಾಲ್ಟ್ ಪತ್ತೆ ಆಗೋ ಮೊದಲಿನ ಕೆಲವು ಸ್ಯಾಂಪಲ್ಲಲ್ಲಿ ಹಳೇ ಔಟ್‌ಪುಟ್ಟೇ ಕೆಟ್ಟಿರಬಹುದು, ಅದಕ್ಕೆ ಕೊನೇ ಎಂಟು ಹತ್ತು ಔಟ್‌ಪುಟ್ ಒಂದು ರಿಂಗ್ ಬಫರಲ್ಲಿ (ಹೊಸದು ಬಂದಾಗ ಅತಿ ಹಳೇದನ್ನ ಬಿಡೋ ಪಟ್ಟಿಯಲ್ಲಿ) ಇಟ್ಕೊಂಡು ಶಂಕೆಗಿಂತ ಮುಂಚಿನದ್ದನ್ನ ತಗೊಳ್ಳಿ.

ಎನ್‌ಕೋಡರ್ ಇಲ್ಲದ ಓಟದಲ್ಲಿ ಲೆಕ್ಕದ ಸ್ಪೀಡನ್ನೇ ಸೆನ್ಸರ್ ಅಂತ ಬಳಸ್ತೀವಿ, ಚೆನ್ನಾಗೇ ಓಡತ್ತೆ, ಚೆನ್ನಾಗಿ ಓಡೋದೇ ತೊಂದರೆ, ಆಪರೇಟರ್ ಹಾಗೇ ಬಿಟ್ಬಿಡ್ತಾರೆ. ಎರಡು ಕಡಿವಾಣ ಬೇಕು. ಒಂದು, ಕಡಿಮೆ ಸ್ಪೀಡಲ್ಲಿ ಈ ಲೆಕ್ಕ ನಂಬೋ ಹಾಗಿಲ್ಲ, ಮೇಲೆ ನೋಡಿದ ಬಿಸಿಯ ತಪ್ಪು 4.7 ಇತ್ತಲ್ಲ, 20 ರೇಡಿಯನ್ ಪರ್ ಸೆಕೆಂಡಲ್ಲಿ ಅದು ಸುಮಾರು 24 ಪರ್ಸೆಂಟ್, ಆದ್ರಿಂದ ಕನಿಷ್ಠ ಸ್ಪೀಡ್ ಒಂದನ್ನ ಹಾಕಿ, ಅದಕ್ಕಿಂತ ಕೆಳಗೆ ಕೇಳಿದ್ರೆ ನಿಲ್ಲಿಸಿ. ಎರಡು, ಈಗ ಹೋಲಿಸಿ ನೋಡೋಕೆ ಎರಡನೇ ಸಾಕ್ಷಿ ಇಲ್ಲ, ಇನ್ನೊಂದು ಫಾಲ್ಟ್ ಬಂದ್ರೆ ಕಾಣೋದೇ ಇಲ್ಲ, ಹಾಗಾಗಿ ಈ ಮೋಡಿಗೆ ಟೈಮ್ ಲಿಮಿಟ್ ಇರ್ಲಿ, ನಡೀತಿರೋ ಕೆಲಸ ಮುಗಿಸಿ ನಿಲ್ಲೋಕೆ ಬೇಕಾದಷ್ಟು ಮಾತ್ರ. ವಾಪಸ್ ನಾರ್ಮಲ್‌ಗೆ ಹೋಗೋದು ಸೆನ್ಸರ್ ಸರಿ ಹೋದಂಗೆ ಕಂಡಿತು ಅಂತಲ್ಲ, ಮೆಷಿನ್ ನಿಂತು, ಸೆಲ್ಫ್ ಟೆಸ್ಟ್ ಪಾಸಾಗಿ, ಯಾರಾದ್ರೂ ರಿಸೆಟ್ ಒತ್ತಿದ್ಮೇಲೆ. ಲೂಸ್ ವೈರ್ ಬಂದು ಬಂದು ಹೋಗತ್ತೆ, ಮೋಡ್ ಅದರ ಜೊತೆ ಕುಣೀಬಾರ್ದು.

ಆರನೇ ಹೆಜ್ಜೆ: ಕಲಿಯೋ ಕಂಟ್ರೋಲರಿಗೆ ಮೂಗುದಾರ

ಮೆಷಿನ್ ಹಳೇದಾಗತ್ತೆ, ಬಿಸಿ ಆಗತ್ತೆ, ಮಾಡೆಲಿನ ನಂಬರ್‌ಗಳೂ ಅದರ ಜೊತೆ ಬದಲಾಗ್ಬೇಕು. ರಿಕರ್ಸಿವ್ ಲೀಸ್ಟ್ ಸ್ಕ್ವೇರ್ಸ್ (ಪ್ರತಿ ಹೊಸ ಅಳತೆಗೂ ಅಂದಾಜನ್ನ ತಿದ್ದೋ ವಿಧಾನ) ಹಾಕಿ ರೆಸಿಸ್ಟೆನ್ಸನ್ನ ಓಡ್ತಾ ಓಡ್ತಾನೇ ಅಂದಾಜು ಮಾಡಬಹುದು, ಹತ್ತಿಪ್ಪತ್ತು ಸಾಲಿನ ಕೋಡ್.

ಅಪಾಯ ಎಲ್ಲಿದೆ ಅಂದ್ರೆ, ಅದು ಫಾಲ್ಟನ್ನೂ ಕಲ್ತುಬಿಡತ್ತೆ. ಎನ್‌ಕೋಡರ್ ಕಪ್ಲಿಂಗ್ ನಿಧಾನಕ್ಕೆ ಜಾರ್ತಾ ಇದೆ, 10 ಪರ್ಸೆಂಟ್ ಕಡಿಮೆ ಓದ್ತಿದೆ ಅನ್ಕೊಳ್ಳಿ. ಬ್ಯಾಕ್ ಇಎಂಎಫ್ ಕಾನ್ಸ್ಟಂಟ್ ಕೂಡ ಕಲಿಯೋಕೆ ಬಿಟ್ಟಿದ್ರೆ "ಓಹೋ, ಕಾನ್ಸ್ಟಂಟೇ ಹೆಚ್ಚಾಗಿದೆ" ಅಂತ ಹೊಂದಿಸ್ಕೊಂಡು ರೆಸಿಡ್ಯುಯಲ್ ಸೊನ್ನೆ ಮಾಡ್ಕೊಂಡು ಕೂತ್ಕೊಳ್ಳತ್ತೆ. ಮ್ಯಾಗ್ನೆಟ್ ಬಿಸಿಯಾದ್ರೆ ಆ ಕಾನ್ಸ್ಟಂಟ್ ಇಳಿಯತ್ತೆ, ಫೆರೈಟಲ್ಲಿ ಡಿಗ್ರಿಗೆ ಸುಮಾರು 0.2 ಪರ್ಸೆಂಟ್, ಏರೋದಕ್ಕೆ ಕಾರಣವೇ ಇಲ್ಲ. ಹಾಗಾಗಿ ಏನು ಕಲೀಬಹುದು, ಯಾವ ದಿಕ್ಕಿಗೆ, ಎಲ್ಲಿವರೆಗೆ ಅಂತ ಫಿಸಿಕ್ಸ್ ನೋಡಿ ಬೇಲಿ ಹಾಕಿ. ನಮ್ಮ ರೆಸಿಸ್ಟೆನ್ಸ್ 0.45ರಿಂದ 0.7 ಒಳಗಿರ್ಲಿ, ನೂರು ಡಿಗ್ರಿ ಏರಿದ್ರೂ 0.695 ಅಷ್ಟೇ. ಬೇಲಿ ಮುಟ್ಟಿದ್ರೆ ಅದೇ ಒಂದು ಫಾಲ್ಟ್.

ಕಲಿಯೋ ಸ್ಪೀಡೂ ಮುಖ್ಯ. ಹಳೇ ಅಳತೆಗಳನ್ನ ಎಷ್ಟು ಬೇಗ ಮರೀಬೇಕು ಅಂತ ಹೇಳೋ ಫರ್ಗೆಟಿಂಗ್ ಫ್ಯಾಕ್ಟರ್ 0.995 ಅಂದ್ರೆ ನೆನಪು ಸುಮಾರು 200 ಸ್ಯಾಂಪಲ್, ನಮಗೆ 2 ಸೆಕೆಂಡ್, ವೈಂಡಿಂಗ್ ಅಷ್ಟು ಬೇಗ ಬಿಸಿ ಆಗಲ್ಲ. 0.9999 ಇಡಿ, 100 ಸೆಕೆಂಡ್ ಆಗತ್ತೆ. ಮೋಟರ್ ಒಂದೇ ಸ್ಪೀಡಲ್ಲಿ ಒಂದೇ ಲೋಡಲ್ಲಿ ಓಡ್ತಾ ಇದ್ರೆ ಕಲಿಯೋಕೆ ಹೊಸದೇನೂ ಇರಲ್ಲ, ಆಗ ಕೋವೇರಿಯನ್ಸ್ (ಅಂದಾಜು ಎಷ್ಟು ಅನಿಶ್ಚಿತ ಅನ್ನೋ ಲೆಕ್ಕ) ಉಬ್ಬುತ್ತಾ ಹೋಗಿ ಒಂದು ಸಣ್ಣ ಧಕ್ಕೆಗೆ ಪ್ಯಾರಾಮೀಟರ್ ಹಾರಿ ಬೀಳತ್ತೆ, ಅಂಥ ಹೊತ್ತಲ್ಲಿ ಅಪ್‌ಡೇಟ್ ನಿಲ್ಲಿಸಿ.

ಈ ಭಯ ಪುಸ್ತಕದ್ದಲ್ಲ. 1967ರ ನವೆಂಬರ್ 15ರಂದು ಎಕ್ಸ್-15 ರಾಕೆಟ್ ವಿಮಾನ ಒಡೆದುಹೋಗಿ ಪೈಲಟ್ ಮೈಕೆಲ್ ಆಡಮ್ಸ್ ತೀರಿಕೊಂಡ್ರು. ಕಾರಣಗಳು ಹಲವು ಇದ್ವು, ಅದರಲ್ಲೊಂದು ಅಡಾಪ್ಟಿವ್ ಕಂಟ್ರೋಲ್ ಸಿಸ್ಟಮ್, ಲಿಮಿಟ್ ಸೈಕಲ್ ಅನ್ನೋ ನಿಲ್ಲದೆ ತೂಗೋ ಆಂದೋಲನಕ್ಕೆ ಸಿಕ್ಕಿ ಗೇನ್ ಇಳಿಸ್ಬೇಕಾದ ಹೊತ್ತಲ್ಲಿ ಇಳಿಸ್ಲಿಲ್ಲ.

ಏಳನೇ ಹೆಜ್ಜೆ: ಸಾಫ್ಟ್‌ವೇರೇ ಕೆಟ್ರೆ?

ಇಲ್ಲಿವರೆಗೆ ಸೆನ್ಸರ್, ಮೋಟರ್ ಕೆಡೋದು ನೋಡಿದ್ವಿ. ಸೂಪರ್‌ವೈಸರ್ ಕೋಡಲ್ಲೇ ಬಗ್ ಇದ್ರೆ? ಅದೇ ಕೋಡನ್ನ ಎರಡು ಪ್ರೊಸೆಸರಲ್ಲಿ ಓಡಿಸಿದ್ರೆ ಉಪಯೋಗ ಇಲ್ಲ. 1996ರ ಜೂನ್ 4ರ ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟದಲ್ಲಿ 64 ಬಿಟ್ ಫ್ಲೋಟ್ ಬೆಲೆಯನ್ನ 16 ಬಿಟ್ ಇಂಟಿಜರ್‌ಗೆ ಹಾಕೋಕೆ ಹೋಗಿ ಓವರ್‌ಫ್ಲೋ ಆಯ್ತು, ಬ್ಯಾಕಪ್ ಯೂನಿಟಲ್ಲೂ ಅದೇ ಸಾಫ್ಟ್‌ವೇರ್, ಅದು 72 ಮಿಲಿಸೆಕೆಂಡಿನ ಹಿಂದಿನ ಡೇಟಾ ಸೈಕಲ್ಲಲ್ಲೇ ಅದೇ ಕಾರಣಕ್ಕೆ ಹೋಗಿತ್ತು. ಬೇರೆ ಬೇರೆ ಟೀಮ್ ಹತ್ರ ಬರೆಸಿದ್ರೂ ಪೂರ್ತಿ ನೆಮ್ಮದಿ ಇಲ್ಲ, ಸಂಶೋಧಕರಾದ ನೈಟ್ ಮತ್ತು ಲೆವೆಸನ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 27 ಬೇರೆ ಬೇರೆ ಪ್ರೋಗ್ರಾಮ್‌ಗಳನ್ನ ಹತ್ತು ಲಕ್ಷ ಇನ್‌ಪುಟ್ ಮೇಲೆ ಓಡಿಸಿ ನೋಡಿದ್ರು, ತಪ್ಪುಗಳು ಒಂದಕ್ಕೊಂದು ಸಂಬಂಧ ಇಲ್ದೇ ಬರತ್ವೆ ಅನ್ನೋ ನಂಬಿಕೆ ನಿಲ್ಲಲಿಲ್ಲ.

ನನಗೆ ಸರಿ ಅನ್ಸೋದು ಕಂಪ್ಯೂಟರ್ ವಿಜ್ಞಾನಿ ಲೂಯಿ ಶಾ ಹೇಳಿದ ಸಿಂಪ್ಲೆಕ್ಸ್ ವಿನ್ಯಾಸ. ಜಾಣ, ಕಲಿಯೋ ಕಂಟ್ರೋಲರ್ ಒಂದು ಕಡೆ, ಪೂರ್ತಿ ಪರೀಕ್ಷೆ ಮಾಡಬಹುದಾದಷ್ಟು ಸರಳ ಕಂಟ್ರೋಲರ್ ಇನ್ನೊಂದು ಕಡೆ, ಮಧ್ಯ ಒಂದು ಸ್ವಿಚ್. ಸ್ವಿಚ್ ಪ್ರತಿ ಸ್ಯಾಂಪಲ್ಲಲ್ಲೂ ಕೇಳೋದು ಒಂದೇ ಪ್ರಶ್ನೆ: ಜಾಣನ ಈ ಕಮ್ಯಾಂಡ್ ಇನ್ನೊಂದು ಸ್ಯಾಂಪಲ್ ನಡೆಯೋಕೆ ಬಿಟ್ರೆ, ಆಮೇಲೂ ಸರಳ ಕಂಟ್ರೋಲರ್ ಮೋಟರನ್ನ 300ರ ಒಳಗೆ ಹಿಡಿಯೋಕೆ ಆಗತ್ತಾ? ಆಗಲ್ಲ ಅಂದ್ರೆ ಈಗ್ಲೇ ಕಿತ್ಕೊಳ್ಳಿ. ಕಂಟ್ರೋಲರ್ ಎಷ್ಟು ಬುದ್ಧಿವಂತ ಆಗ್ತಾ ಹೋಗತ್ತೋ ಅದರ ಕಾವಲುಗಾರ ಅಷ್ಟೇ ದಡ್ಡನಾಗಿರ್ಬೇಕು. ಸ್ವಿಚ್ ಮತ್ತು ಸರಳ ಕಂಟ್ರೋಲರಲ್ಲಿ ಹೀಪ್ (ಓಡ್ತಾ ಓಡ್ತಾ ಮೆಮೊರಿ ಪಡೆಯೋದು) ಬೇಡ, ಲರ್ನಿಂಗ್ ಬೇಡ, ಜಾಣನ ಜೊತೆ ಒಂದು ವೇರಿಯೇಬಲ್ ಕೂಡ ಹಂಚ್ಕೊಳ್ಳೋದು ಬೇಡ.

ವಾಚ್‌ಡಾಗ್ (ಸಮಯಕ್ಕೆ ರಿಫ್ರೆಶ್ ಮಾಡ್ದೇ ಇದ್ರೆ ಚಿಪ್ಪನ್ನ ರಿಸೆಟ್ ಮಾಡೋ ಟೈಮರ್) ಬಗ್ಗೆ ಎರಡೇ ಮಾತು. ಟೈಮರ್ ಇಂಟರಪ್ಟ್ ಒಳಗಿಂದ ವಾಚ್‌ಡಾಗ್ ರಿಫ್ರೆಶ್ ಮಾಡ್ಬೇಡಿ, ಮೇನ್ ಲೂಪ್ ಸತ್ತು ಹೋಗಿದ್ರೂ ಇಂಟರಪ್ಟ್ ಬರ್ತಾನೇ ಇರತ್ತೆ. ಎಲ್ಲಾ ಟಾಸ್ಕ್‌ಗಳು ಹಾಜರಿ ಹಾಕಿದ್ಮೇಲೆ ಸೂಪರ್‌ವೈಸರ್ ಮಾತ್ರ ರಿಫ್ರೆಶ್ ಮಾಡ್ಲಿ, ಚಿಪ್ಪಲ್ಲಿ ವಿಂಡೋ ವಾಚ್‌ಡಾಗ್ (ತುಂಬಾ ಬೇಗ ರಿಫ್ರೆಶ್ ಮಾಡಿದ್ರೂ ಒಪ್ಪದ್ದು) ಇದ್ರೆ ಅದನ್ನೇ ಬಳಸಿ.

ಎಂಟನೇ ಹೆಜ್ಜೆ: ಬೇಕಂತಲೇ ಕೆಡಿಸಿ ನೋಡಿ

ಮೊದಲು ಪಿಸಿ ಮೇಲೆ ಆ ದೊಡ್ಡ ಮಾಡೆಲ್ ಜೊತೆ, ಆಮೇಲೆ ಅದೇ ಸಿ ಕೋಡ್ ನಿಜವಾದ ಚಿಪ್ ಮೇಲೆ, ಆಮೇಲೆ ಹಾರ್ಡ್‌ವೇರ್ ಇನ್ ದ ಲೂಪ್ (ಬೋರ್ಡ್ ನಿಜವಾದದ್ದು, ಮೋಟರ್ ಮಾತ್ರ ಸಿಮ್ಯುಲೇಷನ್), ಕೊನೆಗೆ ನಿಜವಾದ ಮೋಟರ್. ಪ್ರತಿ ಹಂತದಲ್ಲೂ ಟೇಬಲಿನ ಪ್ರತಿ ಫಾಲ್ಟ್ ಹಾಕಿ, ಪ್ರತಿ ಮೋಡಲ್ಲೂ ಹಾಕಿ, ಮುಖ್ಯವಾಗಿ ಮೋಡ್ ಬದಲಾಗ್ತಾ ಇರೋ ಆ 10 ಮಿಲಿಸೆಕೆಂಡಲ್ಲಿ ಹಾಕಿ. ಬಗ್‌ಗಳು ಇಂಥ ಸಂದಿಯಲ್ಲೇ ಮನೆ ಮಾಡ್ಕೊಂಡಿರತ್ವೆ.

ಟೆಸ್ಟ್ ಮಾತ್ರ ಸಾಲಲ್ಲ ಅನ್ನೋದಕ್ಕೆ ನಾಸಾದ ಡೀಪ್ ಸ್ಪೇಸ್ 1 ಒಳ್ಳೇ ಉದಾಹರಣೆ. ಅದರ ಮೇಲೆ 1999ರ ಮೇ ತಿಂಗಳಲ್ಲಿ ರಿಮೋಟ್ ಏಜೆಂಟ್ ಅನ್ನೋ ಸಾಫ್ಟ್‌ವೇರ್ ಓಡ್ತು, ಅದರೊಳಗಿನ ಲಿವಿಂಗ್‌ಸ್ಟನ್ ಅನ್ನೋ ಭಾಗ ನಾವು ಇಲ್ಲಿ ಮಾಡ್ತಿರೋ ಕೆಲಸವನ್ನೇ, ಮಾಡೆಲ್ ನೋಡಿ ಏನು ಕೆಟ್ಟಿದೆ ಅಂತ ಹೇಳೋದನ್ನ, ಇಡೀ ಸ್ಪೇಸ್‌ಕ್ರಾಫ್ಟಿಗೆ ಮಾಡ್ತಿತ್ತು. ಹಾಕಿದ ಸುಳ್ಳು ಫಾಲ್ಟ್‌ಗಳನ್ನೆಲ್ಲಾ ಅದು ಸರಿಯಾಗೇ ನಿಭಾಯಿಸ್ತು, ಆದ್ರೆ ಪ್ರಯೋಗದ ಮಧ್ಯ ಎರಡು ಥ್ರೆಡ್‌ಗಳು ಒಂದಕ್ಕೊಂದು ಕಾಯ್ತಾ ಡೆಡ್‌ಲಾಕ್ ಆಯ್ತು. ತಮಾಷೆ ಅಂದ್ರೆ ಅದೇ ಜಾತಿಯ ಬಗ್ಗನ್ನ 1997ರಲ್ಲೇ ಸ್ಪಿನ್ ಅನ್ನೋ ಮಾಡೆಲ್ ಚೆಕರ್ (ಸಾಧ್ಯವಿರೋ ಎಲ್ಲಾ ಸ್ಟೇಟ್ ಹುಡುಕಿ ನೋಡೋ ಟೂಲ್) ಬಳಸಿ ಕೋಡಿನ ಬೇರೊಂದು ಭಾಗದಲ್ಲಿ ಹಿಡಿದಿದ್ರು. ನಿಮ್ಮ ಮೋಡ್ ಲಾಜಿಕ್ ನಾಲ್ಕೈದು ಸ್ಟೇಟಿನ ಚಿಕ್ಕ ಮೆಷಿನ್ ಆಗಿದ್ರೆ ಮಾಡೆಲ್ ಚೆಕರಿಗೆ ಕೊಡೋದು ಅರ್ಧ ದಿನದ ಕೆಲಸ, "ಎನ್‌ಕೋಡರ್ ಫಾಲ್ಟ್ ಇದ್ದಾಗ ನಾರ್ಮಲ್ ಮೋಡಲ್ಲಿ ಉಳಿಯೋಕೆ ದಾರಿ ಇದೆಯಾ" ಅಂತ ಕೇಳಿ, ಇದ್ರೆ ಆ ದಾರಿಯನ್ನ ಹೆಜ್ಜೆ ಹೆಜ್ಜೆಯಾಗಿ ತೋರ್ಸತ್ತೆ.

ಕೊನೇದಾಗಿ ಲಾಗ್. ಮೋಡ್ ಬದಲಾದ ಪ್ರತಿ ಸಲ ಅದಕ್ಕಿಂತ 2 ಸೆಕೆಂಡ್ ಹಿಂದಿನ ಮತ್ತು ಅರ್ಧ ಸೆಕೆಂಡ್ ನಂತರದ ವೋಲ್ಟೇಜ್, ಕರೆಂಟ್, ಎನ್‌ಕೋಡರ್, ಲೆಕ್ಕದ ಸ್ಪೀಡ್, ಆಗಿನ ಥ್ರೆಶೋಲ್ಡ್, ಕಲಿತ ರೆಸಿಸ್ಟೆನ್ಸ್, ಇಷ್ಟನ್ನ ಫ್ಲ್ಯಾಶಲ್ಲಿ ಉಳಿಸಿ. ಆರು ಬೆಲೆ, ತಲಾ 4 ಬೈಟ್, 250 ಸ್ಯಾಂಪಲ್, ಒಂದು ಘಟನೆಗೆ 6,000 ಬೈಟ್ ಅಷ್ಟೇ. ಫರ್ಮ್‌ವೇರ್ ವರ್ಷನ್ ಜೊತೆಗೆ ಪ್ಯಾರಾಮೀಟರ್ ಟೇಬಲಿನ ವರ್ಷನ್ನೂ ಬರೀರಿ, ಎರಡೂ ಬೇರೆ ಬೇರೆ ಟೈಮಲ್ಲಿ ಬದಲಾಗತ್ವೆ. ಶಂಕೆ ಮೋಡಿಗೆ ಹೋಗಿ ವಾಪಸ್ ಬಂದಿದ್ದನ್ನೂ ಎಣಿಸಿಡಿ, ಅದು ದಿನಕ್ಕೆ ಒಂದೆರಡು ಇದ್ದಿದ್ದು ಐವತ್ತಾದ್ರೆ ಕನೆಕ್ಟರ್ ಸಡಿಲ ಆಗ್ತಿದೆ ಅಂತ ಮೋಟರ್ ನಿಲ್ಲೋಕೆ ಮುಂಚೇನೇ ಗೊತ್ತಾಗತ್ತೆ.